ಕೊಡಗಿಗೆ ತಾಲ್ಲೂಕು ಐದು, ಶಾಸಕರು ಇಬ್ಬರೇ ಏಕೆ?

2027ರ ಜನಗಣತಿಗೆ ಕೇಂದ್ರ ಸರ್ಕಾರ 2025ರ ಜೂನ್ 16ರಂದು ಅಧಿಸೂಚನೆ ಹೊರಡಿಸಿದ ಮೇಲೆ ಕೊಡಗಿನ ಮಟ್ಟಿಗೆ ಮೂರು ಸುದ್ದಿಗಳು ಒಂದಕ್ಕೊಂದು ಬೆರೆತುಹೋಗಿವೆ. ಗಣತಿ ಮುಗಿಯುವವರೆಗೆ ಜಿಲ್ಲೆ, ತಾಲ್ಲೂಕು, ಗ್ರಾಮಗಳ ಗಡಿಯನ್ನು ಬದಲಿಸುವಂತಿಲ್ಲ ಎಂಬುದು ಮೊದಲನೆಯದು. ಈ ಗಣತಿಯಲ್ಲಿ ಜಾತಿಯನ್ನೂ ದಾಖಲಿಸುತ್ತಾರೆ ಎಂಬುದು ಎರಡನೆಯದು. ಗಣತಿಯ ಅಂಕಿಗಳು ಬಂದ ನಂತರ ವಿಧಾನಸಭೆ ಮತ್ತು ಲೋಕಸಭೆಯ ಕ್ಷೇತ್ರಗಳ ಮರುವಿಂಗಡಣೆ ನಡೆಯಬಹುದು ಎಂಬುದು ಮೂರನೆಯದು. ಇವು ಒಟ್ಟಾಗಿ ಕಿವಿಗೆ ಬಿದ್ದಾಗ ಓದುಗರಲ್ಲಿ ಏಳುವ ಪ್ರಶ್ನೆ ಸಹಜವಾದದ್ದೇ: ಮೂರು ತಾಲ್ಲೂಕುಗಳಿದ್ದ ಜಿಲ್ಲೆಯಲ್ಲಿ ಈಗ ಐದು ತಾಲ್ಲೂಕುಗಳಿವೆ, ಹಾಗಿದ್ದೂ ಮೂವರು ಶಾಸಕರಿದ್ದ ಜಿಲ್ಲೆಗೆ ಇಬ್ಬರೇ ಏಕೆ? ತಾಲ್ಲೂಕು ಹೆಚ್ಚಿಸಲು ಸಾಧ್ಯವಾದ ಸರ್ಕಾರಕ್ಕೆ ಶಾಸಕ ಸ್ಥಾನವನ್ನು ಉಳಿಸಿಕೊಳ್ಳಲು ಏಕೆ ಸಾಧ್ಯವಾಗಲಿಲ್ಲ?

ತಾಲ್ಲೂಕನ್ನು ರಚಿಸುವ ಅಧಿಕಾರವೇ ಬೇರೆ, ಕ್ಷೇತ್ರವನ್ನು ರಚಿಸುವ ಅಧಿಕಾರವೇ ಬೇರೆ. ಒಂದು ನಡೆಯುವುದು ಆಡಳಿತದ ಅನುಕೂಲದ ಮೇಲೆ, ಇನ್ನೊಂದು ತಲೆ ಎಣಿಕೆಯ ಮೇಲೆ. ಈ ವ್ಯತ್ಯಾಸ ಸ್ಪಷ್ಟವಾಗದಿದ್ದರೆ ಮುಂದಿನ ಎರಡು ಮೂರು ವರ್ಷಗಳಲ್ಲಿ ನಡೆಯಲಿರುವ ಚರ್ಚೆಯಲ್ಲಿ ಜಿಲ್ಲೆಯ ಜನ ಬಾಗಿಲು ಇಲ್ಲದ ಕಡೆ ತಟ್ಟುತ್ತಾ, ತೆರೆದಿರುವ ಕಡೆ ಗಮನ ಕೊಡದೇ ಹೋಗುವ ಅಪಾಯವಿದೆ.

ಜಿಲ್ಲೆಯ ಗಾತ್ರ

2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519. ರಾಜ್ಯದ ಜಿಲ್ಲೆಗಳಲ್ಲೆಲ್ಲ ಇದೇ ಅತಿ ಕಡಿಮೆ. ವಿಸ್ತೀರ್ಣ 4,102 ಚದರ ಕಿ.ಮೀ.; ಚದರ ಕಿ.ಮೀ.ಗೆ 135 ಜನ. ಅದೇ ಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಾಂದ್ರತೆ 4,000ವನ್ನು ದಾಟಿತ್ತು. ಕೊಡಗಿನ ನಿವಾಸಿಗಳಲ್ಲಿ ಪಟ್ಟಣವಾಸಿಗಳು ಶೇ 15ಕ್ಕಿಂತ ಕಡಿಮೆ. ಜಿಲ್ಲಾ ಕೇಂದ್ರವಾದ ಮಡಿಕೇರಿಯಲ್ಲಿ ಆಗ ಇದ್ದವರು ಸುಮಾರು 33,000 ಮಂದಿ. ಉಳಿದವರೆಲ್ಲ ಕಾಫಿ ತೋಟಗಳ, ಗದ್ದೆಗಳ, ಕಾಡಂಚಿನ ಹಾಡಿಗಳ (ಬುಡಕಟ್ಟು ಜನರ ವಸತಿಗಳ) ನಡುವೆ ದೂರ ದೂರ ಚದುರಿದ್ದಾರೆ. ಬಯಲುಸೀಮೆಯಲ್ಲಿರುವಂತೆ ಮನೆಗಳು ಒತ್ತಾಗಿ ಕೂಡಿದ ಊರು ಇಲ್ಲಿ ಅಪರೂಪ. ಒಂದು ಗ್ರಾಮದ ಒಂದು ಮನೆಯಿಂದ ಇನ್ನೊಂದು ಮನೆಗೆ ತೋಟದ ದಾರಿಯಲ್ಲಿ ಅರ್ಧ ಕಿ.ಮೀ. ನಡೆಯಬೇಕಾಗುವುದುಂಟು.

ಈ ಸಣ್ಣ ಜನಸಂಖ್ಯೆಯೊಳಗೆ ಇರುವ ವೈವಿಧ್ಯ ಮಾತ್ರ ಸಣ್ಣದಲ್ಲ. ಕೊಡವರು, ಅರೆಭಾಷೆ ಗೌಡರು, ಅಮ್ಮಕೊಡವರು, ಹೆಗ್ಗಡೆಯರು, ಐರಿಗಳು, ಕೊಡವ ಮಾಪಿಳ್ಳೆಯರು, ಮಲಯಾಳಂ, ತುಳು ಮತ್ತು ತಮಿಳು ಮಾತನಾಡುವ ಕುಟುಂಬಗಳು, ಇವರೊಂದಿಗೆ ಯರವ, ಜೇನುಕುರುಬ, ಬೆಟ್ಟಕುರುಬ ಸಮುದಾಯಗಳು ಇಲ್ಲಿವೆ. 2011ರಲ್ಲಿ ಪರಿಶಿಷ್ಟ ಪಂಗಡದವರ ಪಾಲು ಶೇ 10.5, ಪರಿಶಿಷ್ಟ ಜಾತಿಯವರ ಪಾಲು ಶೇ 13ರಷ್ಟಿತ್ತು. ಒಂದು ಸಾವಿರ ಪುರುಷರಿಗೆ 1,019 ಮಹಿಳೆಯರಿದ್ದರು. ದುಡಿಯುವ ವಯಸ್ಸಿನ ಗಂಡಸರು ಹೊರಗೆ ಹೋಗುವ ಜಿಲ್ಲೆಗಳಲ್ಲಿ ಇಂಥ ಅನುಪಾತ ಕಾಣುವುದು ಅಸಹಜವಲ್ಲ.

ರಾಜ್ಯವಾಗಿದ್ದಾಗಿನ ನೆನಪು

ಇಂದಿನ ಅಸಮಾಧಾನದ ಬೇರು ಹಿಂದಿನ ಸ್ಥಾನಮಾನದಲ್ಲಿದೆ. 1834ರಲ್ಲಿ ಬ್ರಿಟಿಷರು ಹಾಲೇರಿ ಅರಸರಿಂದ ಕೊಡಗನ್ನು ವಶಪಡಿಸಿಕೊಂಡ ಮೇಲೆ ಅದು ಮದ್ರಾಸಿಗೂ ಸೇರದೆ, ಮೈಸೂರಿಗೂ ಸೇರದೆ ಪ್ರತ್ಯೇಕ ಪ್ರಾಂತ್ಯವಾಗಿ ಉಳಿಯಿತು. ಸ್ವಾತಂತ್ರ್ಯಾನಂತರ ಅದು ‘ಸಿ’ ವರ್ಗದ ರಾಜ್ಯವಾಯಿತು, ಅಂದರೆ ಕೇಂದ್ರದ ಮೇಲ್ವಿಚಾರಣೆಯಲ್ಲಿದ್ದ ಸಣ್ಣ ರಾಜ್ಯ. 1952ರ ಚುನಾವಣೆಯಲ್ಲಿ ಕೊಡಗಿನ ವಿಧಾನಸಭೆಗೆ 24 ಸದಸ್ಯರು ಆಯ್ಕೆಯಾದರು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು, ಲೋಕಸಭೆಯಲ್ಲಿ ಕೊಡಗಿಗೆ ಅದರದೇ ಒಂದು ಸ್ಥಾನವಿತ್ತು. 1951ರಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 2.29 ಲಕ್ಷ, ಅಂದರೆ ಸುಮಾರು 9,500 ಜನರಿಗೆ ಒಬ್ಬ ಶಾಸಕ. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾಗಿ ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಇಂದು ಅಲ್ಲಿ ಎರಡೂಮುಕ್ಕಾಲು ಲಕ್ಷ ಜನರಿಗೆ ಒಬ್ಬ ಶಾಸಕನಿದ್ದಾನೆ.

1956ರ ನಿರ್ಧಾರ ತಪ್ಪಾಗಿತ್ತೆಂದು ಈ ಹೋಲಿಕೆಯಿಂದ ಹೇಳಲಾಗದು. ಭಾಷಾವಾರು ರಾಜ್ಯ ರಚನೆಯ ತರ್ಕ ಬೇರೆಯೇ ಇತ್ತು. ಆದರೆ 2011ರಲ್ಲಿ 6.1 ಲಕ್ಷ ಜನಸಂಖ್ಯೆಯಿದ್ದ ಸಿಕ್ಕಿಂಗೆ 32 ಶಾಸಕರು ಮತ್ತು ಒಬ್ಬ ಲೋಕಸಭಾ ಸದಸ್ಯರಿರುವುದನ್ನು ಕಂಡಾಗ, ಸುಮಾರು ಅಷ್ಟೇ ಜನರಿರುವ ಕೊಡಗಿನವರಿಗೆ ತಮ್ಮ ದನಿ ಕ್ಷೀಣಿಸಿದೆ ಎನಿಸುವುದರಲ್ಲಿ ಆಶ್ಚರ್ಯವಿಲ್ಲ. ಪ್ರತ್ಯೇಕ ಲೋಕಸಭಾ ಕ್ಷೇತ್ರದ ಕೂಗಿನಿಂದ ಹಿಡಿದು ಕೊಡವ ನ್ಯಾಷನಲ್ ಕೌನ್ಸಿಲ್ ಎಂಬ ಸಂಘಟನೆ ಕೊಡವರಿಗಾಗಿ ಇಟ್ಟಿರುವ ಸ್ವಾಯತ್ತತೆಯ ಬೇಡಿಕೆಯವರೆಗೆ ಎಲ್ಲದರ ಹಿಂದೆಯೂ ಈ ನೆನಪು ಕೆಲಸ ಮಾಡುತ್ತಿದೆ.

ತಾಲ್ಲೂಕುಗಳು ಹೆಚ್ಚಾದ ಬಗೆ

ತಾಲ್ಲೂಕು ರಚನೆ ರಾಜ್ಯ ಸರ್ಕಾರದ ಕೈಯಲ್ಲಿರುವ ಕೆಲಸ. ಭೂಕಂದಾಯ ಕಾಯ್ದೆಯಡಿ ಅಧಿಸೂಚನೆ ಹೊರಡಿಸಿ, ಆಕ್ಷೇಪಣೆ ಆಲಿಸಿ, ಗಡಿ ಗುರುತಿಸಿದರೆ ಸಾಕು. ಇಂತಿಷ್ಟು ಜನರಿದ್ದರೆ ಮಾತ್ರ ತಾಲ್ಲೂಕು ಎಂಬ ಸಾಂವಿಧಾನಿಕ ನಿಯಮ ಯಾವುದೂ ಇಲ್ಲ. 2011ರಲ್ಲಿ ರಾಜ್ಯದಲ್ಲಿ 176 ತಾಲ್ಲೂಕುಗಳಿದ್ದವು. ಈಗ ಅವುಗಳ ಸಂಖ್ಯೆ 230ನ್ನು ದಾಟಿದೆ. ಈ ಅಲೆಯಲ್ಲೇ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳ ಜೊತೆಗೆ ಪೊನ್ನಂಪೇಟೆ ಮತ್ತು ಕುಶಾಲನಗರ ತಾಲ್ಲೂಕುಗಳೂ ರೂಪುಗೊಂಡವು.

ಇವೆರಡರ ಹಿಂದಿನ ಕಾರಣಗಳು ಬೇರೆ ಬೇರೆ. ಪೊನ್ನಂಪೇಟೆಯ ಬೇಡಿಕೆ ದೂರದ ಬೇಡಿಕೆ. ಕೇರಳದ ಗಡಿಯಲ್ಲಿರುವ ಕುಟ್ಟದಿಂದ ತಾಲ್ಲೂಕು ಕಚೇರಿಗೆ ಹೊರಟವರು ಶ್ರೀಮಂಗಲ, ಪೊನ್ನಂಪೇಟೆ, ಗೋಣಿಕೊಪ್ಪ ದಾಟಿ ವಿರಾಜಪೇಟೆಗೆ ಹೋಗಬೇಕಿತ್ತು. ಈಗ ಪೊನ್ನಂಪೇಟೆಯಲ್ಲೇ ಇಳಿದರೆ ಒಂದು ಬದಿಗೆ ಸುಮಾರು 20 ಕಿ.ಮೀ. ಉಳಿಯುತ್ತದೆ. ಮಳೆಗಾಲದ ಮೂರು ತಿಂಗಳು ಮರ ಬಿದ್ದು, ಹೊಳೆ ಉಕ್ಕಿ ರಸ್ತೆ ಮುಚ್ಚುವ ಸೀಮೆಯಲ್ಲಿ 20 ಕಿ.ಮೀ. ಎಂದರೆ ಒಂದು ದಿನದ ಕೂಲಿ. ಕುಶಾಲನಗರದ್ದು ಬೆಳವಣಿಗೆಯ ಬೇಡಿಕೆ. ಮೈಸೂರು–ಮಡಿಕೇರಿ ಹೆದ್ದಾರಿಯ ಮೇಲಿರುವ ಆ ಪಟ್ಟಣ ತನ್ನ ತಾಲ್ಲೂಕು ಕೇಂದ್ರವಾಗಿದ್ದ ಸೋಮವಾರಪೇಟೆಗಿಂತ ಬಹಳ ಹಿಂದೆಯೇ ದೊಡ್ಡದಾಗಿ ಬೆಳೆದಿತ್ತು.

ಐದು ತಾಲ್ಲೂಕು ಎಂಬುದು ಕೊಡಗಿಗೆ ಹೊಸತೂ ಅಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮಡಿಕೇರಿ, ನಂಜರಾಜಪಟ್ಟಣ, ಪಡಿನಾಲ್ಕುನಾಡು, ಯಡೆನಾಲ್ಕುನಾಡು, ಕಿಗ್ಗಟ್ಟುನಾಡು ಎಂಬ ಐದು ತಾಲ್ಲೂಕುಗಳಿದ್ದವು. 1901ರ ಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 1,80,607 ಮಾತ್ರ. ಇಂದಿನ ಪೊನ್ನಂಪೇಟೆ ತಾಲ್ಲೂಕು ಬಹುಮಟ್ಟಿಗೆ ಹಳೆಯ ಕಿಗ್ಗಟ್ಟುನಾಡೇ. ಬೆಟ್ಟ, ಹೊಳೆ, ಕಾಡುಗಳ ನಡುವಿನ ಆಡಳಿತ ಘಟಕ ಚಿಕ್ಕದಾಗಿರಬೇಕೆಂಬ ತಿಳಿವಳಿಕೆ ವಸಾಹತು ಕಾಲದ ಅಧಿಕಾರಿಗಳಿಗೂ ಇತ್ತು. ಆದ್ದರಿಂದ ಜನ ಹೆಚ್ಚದೆ ತಾಲ್ಲೂಕು ಏಕೆ ಹೆಚ್ಚಬೇಕು ಎಂಬ ಟೀಕೆಯಲ್ಲಿ ಹುರುಳು ಕಡಿಮೆ. ಕೇಳಬೇಕಾದ ಪ್ರಶ್ನೆ ಬೇರೆ: ಘೋಷಣೆಯೊಂದಿಗೆ ಕಟ್ಟಡ, ಸಿಬ್ಬಂದಿ, ಇಲಾಖೆಗಳು ಬಂದಿವೆಯೇ? ತಹಶೀಲ್ದಾರರ ಕಚೇರಿ ಒಂದು ಊರಿನಲ್ಲಿದ್ದು ಉಳಿದ ಇಲಾಖೆಗಳ ಕಡತಗಳು ಹಳೆಯ ತಾಲ್ಲೂಕು ಕೇಂದ್ರದಲ್ಲೇ ಉಳಿದರೆ ಜನ ಎರಡೂ ಊರಿಗೆ ಅಲೆಯಬೇಕಾಗುತ್ತದೆ.

ರಾಜ್ಯಗಳು ತಮ್ಮ ಆಡಳಿತ ಗಡಿಗಳ ಬದಲಾವಣೆಯನ್ನು 2025ರ ಡಿಸೆಂಬರ್ 31ರೊಳಗೆ ಮುಗಿಸಬೇಕೆಂದು ಗಣತಿ ಇಲಾಖೆ ಸೂಚಿಸಿತ್ತು. ಎಣಿಕೆಯ ನಡುವೆ ಒಂದು ಗ್ರಾಮ ತಾಲ್ಲೂಕು ಬದಲಿಸಿದರೆ ಅದನ್ನು ಎರಡು ಕಡೆ ಎಣಿಸುವ ಅಥವಾ ಎಲ್ಲಿಯೂ ಎಣಿಸದೆ ಬಿಡುವ ಸಾಧ್ಯತೆ ಇರುವುದರಿಂದ ಈ ನಿರ್ಬಂಧ. ಇದರಿಂದ ಕೊಡಗಿಗೆ ತೊಂದರೆಯಿಲ್ಲ, ಒಂದು ಲಾಭವಿದೆ. ಜನಗಣತಿಯ ಪುಸ್ತಕದಲ್ಲಿ ಪೊನ್ನಂಪೇಟೆ ಮತ್ತು ಕುಶಾಲನಗರಗಳಿಗೆ ಮೊದಲ ಬಾರಿಗೆ ತಮ್ಮದೇ ಅಂಕಿಗಳು ಸಿಗಲಿವೆ. ಈವರೆಗೆ ಆ ಎರಡು ತಾಲ್ಲೂಕುಗಳ ಯೋಜನೆಗಳೆಲ್ಲ 2011ರ ಮೂರು ತಾಲ್ಲೂಕುಗಳ ಅಂಕಿಯನ್ನು ಗ್ರಾಮವಾರು ಒಡೆದು ಕೂಡಿಸಿದ ಲೆಕ್ಕದ ಮೇಲೆ ನಿಂತಿವೆ.

ಮೂರು ಸ್ಥಾನ ಎರಡಾದ ಲೆಕ್ಕ

ವಿಧಾನಸಭಾ ಕ್ಷೇತ್ರಗಳ ವಿಷಯಕ್ಕೆ ಬಂದರೆ ರಾಜ್ಯ ಸರ್ಕಾರಕ್ಕೆ ಅಧಿಕಾರವೇ ಇಲ್ಲ. ಸಂಸತ್ತು ಮಾಡಿದ ಕಾಯ್ದೆಯಡಿ ರಚನೆಯಾಗುವ ಕ್ಷೇತ್ರ ಮರುವಿಂಗಡಣಾ ಆಯೋಗ ಈ ಕೆಲಸ ಮಾಡುತ್ತದೆ. ರಾಜ್ಯದ ಎಲ್ಲ ಕ್ಷೇತ್ರಗಳಲ್ಲೂ ಜನಸಂಖ್ಯೆ ಮತ್ತು ಸ್ಥಾನಗಳ ಅನುಪಾತ, ಕಾರ್ಯಸಾಧ್ಯವಾದ ಮಟ್ಟಿಗೆ, ಒಂದೇ ಆಗಿರಬೇಕೆಂದು ಸಂವಿಧಾನದ 170ನೇ ವಿಧಿ ಹೇಳುತ್ತದೆ.

ಕರ್ನಾಟಕದ ವಿಧಾನಸಭೆಯ ಬಲ 224. 1971ರ ಗಣತಿಯಲ್ಲಿ ರಾಜ್ಯದ ಜನಸಂಖ್ಯೆ 2.93 ಕೋಟಿ ಇತ್ತು. ಸರಾಸರಿ ಒಂದು ಕ್ಷೇತ್ರಕ್ಕೆ 1.31 ಲಕ್ಷ ಜನ. ಕೊಡಗಿನಲ್ಲಿದ್ದವರು 3.78 ಲಕ್ಷ. ಭಾಗಿಸಿದರೆ 2.89 ಬರುತ್ತದೆ, ಅದು ಮೂರಕ್ಕೆ ಸಮೀಪ. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂಬ ಮೂರು ಕ್ಷೇತ್ರಗಳು ಈ ಲೆಕ್ಕಕ್ಕೆ ಸರಿಯಾಗಿಯೇ ಇದ್ದವು.

ಆಮೇಲೆ ಮೂರು ದಶಕ ಕ್ಷೇತ್ರಗಳ ಗಡಿ ಕದಲಲಿಲ್ಲ. 2002ರ ಕಾಯ್ದೆಯಡಿ ರಚನೆಯಾದ ಆಯೋಗ 2001ರ ಗಣತಿಯನ್ನು ಆಧಾರವಾಗಿಟ್ಟುಕೊಂಡಾಗ ರಾಜ್ಯದ ಜನಸಂಖ್ಯೆ 5.28 ಕೋಟಿ ಆಗಿತ್ತು, ಸರಾಸರಿ 2.36 ಲಕ್ಷ. ಕೊಡಗಿನಲ್ಲಿ 5.49 ಲಕ್ಷ. ಭಾಗಲಬ್ಧ 2.32. ಹೀಗೆ 2008ರ ಚುನಾವಣೆಯಿಂದ ಮಡಿಕೇರಿ ಮತ್ತು ವಿರಾಜಪೇಟೆ ಎರಡೇ ಕ್ಷೇತ್ರಗಳು ಉಳಿದವು. ಸೋಮವಾರಪೇಟೆ ಕ್ಷೇತ್ರ ಇಲ್ಲವಾಯಿತು. ಕೊಡಗಿನ ಜನಸಂಖ್ಯೆ 1971ರಿಂದ ಈಚೆಗೆ ಕುಗ್ಗಿರಲಿಲ್ಲ, ಬದಲಿಗೆ ಶೇ 45ರಷ್ಟು ಹೆಚ್ಚಿತ್ತು. ಆದರೆ ಅದೇ ಅವಧಿಯಲ್ಲಿ ರಾಜ್ಯ ಶೇ 80ರಷ್ಟು ಬೆಳೆದಿತ್ತು. ಸ್ಥಾನಗಳ ಸಂಖ್ಯೆ ಸ್ಥಿರವಾಗಿರುವಾಗ ನಿಧಾನವಾಗಿ ಬೆಳೆಯುವವರ ಪಾಲು ತಾನಾಗಿಯೇ ವೇಗವಾಗಿ ಬೆಳೆದ ಬೆಂಗಳೂರಿನಂಥ ಕಡೆ ಸಾಗುತ್ತದೆ. ಬೆಂಗಳೂರು ನಗರ ಜಿಲ್ಲೆಗೆ ಈಗ 28 ಸ್ಥಾನಗಳಿವೆ.

ಈ ಬದಲಾವಣೆಯಲ್ಲಿ ಸಾಕಷ್ಟು ಚರ್ಚೆಯಾಗದ ಇನ್ನೊಂದು ನಷ್ಟವಿದೆ. ಹಳೆಯ ವಿರಾಜಪೇಟೆ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ರಾಜ್ಯದಲ್ಲಿ ಇಂದು ಪರಿಶಿಷ್ಟ ಪಂಗಡಕ್ಕೆ 15 ಮೀಸಲು ಸ್ಥಾನಗಳಿವೆ. ಕೊಡಗಿನಲ್ಲಿ ಒಂದೂ ಇಲ್ಲ. ಮೂರನೇ ಶಾಸಕ ಸ್ಥಾನ ಹೋಯಿತೆಂದು ಜಿಲ್ಲೆಯಲ್ಲಿ ಪದೇ ಪದೇ ದುಃಖಿಸುವಾಗ, ತೋಟದ ಲೈನ್‌ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಮತ್ತು ಹಾಡಿಗಳಲ್ಲಿ ಬದುಕುವ ಯರವರು, ಕುರುಬರು ತಮ್ಮವರೊಬ್ಬರನ್ನು ವಿಧಾನಸಭೆಗೆ ಕಳುಹಿಸುವ ಖಚಿತ ಅವಕಾಶವೂ ಅದೇ ಆದೇಶದಲ್ಲಿ ಹೋಯಿತೆಂಬುದನ್ನು ಅಷ್ಟೇ ಗಟ್ಟಿಯಾಗಿ ಹೇಳಬೇಕಿತ್ತು.

ಲೋಕಸಭೆಯಲ್ಲಿ 2009ಕ್ಕೆ ಮೊದಲು ಕೊಡಗು ಮಂಗಳೂರು ಕ್ಷೇತ್ರದ ಭಾಗವಾಗಿತ್ತು. ಈಗ ಮೈಸೂರು ಕ್ಷೇತ್ರದೊಳಗಿದೆ. ಅದರ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಕೊಡಗಿನವು ಎರಡು, ಉಳಿದ ಆರು ಮೈಸೂರು ಜಿಲ್ಲೆಯವು. ಯಾವ ಪಕ್ಷದ ಅಭ್ಯರ್ಥಿಯೇ ಆಗಲಿ, ಗೆಲುವಿನ ಲೆಕ್ಕ ಹಾಕುವಾಗ ಮೊದಲು ನೋಡುವುದು ಮೈಸೂರಿನತ್ತಲೇ.

ಬೆಳವಣಿಗೆ ನಿಂತದ್ದೇಕೆ

2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಏರಿತು. ಕೊಡಗಿನ ಏರಿಕೆ ಶೇ 1.1, ಹತ್ತು ವರ್ಷಕ್ಕೆ ಕೂಡಿದವರು ಆರು ಸಾವಿರಕ್ಕೂ ಕಡಿಮೆ. ಇನ್ನೊಂದು ಮಲೆನಾಡು ಜಿಲ್ಲೆ ಚಿಕ್ಕಮಗಳೂರಿನಲ್ಲಿ ಜನಸಂಖ್ಯೆ ತುಸು ಇಳಿದೇ ಹೋಯಿತು. ಎರಡೂ ಕಾಫಿ ಜಿಲ್ಲೆಗಳೆಂಬುದು ಆಕಸ್ಮಿಕವಲ್ಲ. ಈ ಶತಮಾನದ ಆರಂಭದಲ್ಲಿ ಕಾಫಿಯ ಅಂತರರಾಷ್ಟ್ರೀಯ ಬೆಲೆ ಪಾತಾಳ ಕಂಡಾಗ ಸಣ್ಣ ಬೆಳೆಗಾರರ ಮನೆಯ ಮಕ್ಕಳು ತೋಟವನ್ನು ನೆಚ್ಚದೆ ಬೆಂಗಳೂರು, ಮೈಸೂರಿನತ್ತ ನಡೆದರು. ಸಾಕ್ಷರತೆ ಶೇ 82ನ್ನು ದಾಟಿದ, ಕುಟುಂಬಗಳು ಚಿಕ್ಕದಾದ ಜಿಲ್ಲೆಯಲ್ಲಿ ಜನನ ಪ್ರಮಾಣ ಮೊದಲೇ ಇಳಿದಿತ್ತು. ಸೇನೆಗೆ, ಕೊಲ್ಲಿ ದೇಶಗಳಿಗೆ, ನಗರದ ಕಚೇರಿಗಳಿಗೆ ಹೋದವರೆಲ್ಲ ಅಲ್ಲಲ್ಲಿನ ಲೆಕ್ಕಕ್ಕೆ ಸೇರಿದರು. ಕೂರ್ಗಿ ಅಥವಾ ಕೊಡವ ಎಂದು ಮಾತೃಭಾಷೆ ಬರೆಸಿದವರ ಸಂಖ್ಯೆ ದೇಶದಾದ್ಯಂತ 2001ರಲ್ಲಿ 1.66 ಲಕ್ಷವಿದ್ದದ್ದು 2011ರಲ್ಲಿ 1.14 ಲಕ್ಷಕ್ಕೆ ಇಳಿಯಿತು.

ಆದರೆ ಹೀಗೆ ಹೋದವರ ಜಮೀನು ಇಲ್ಲೇ ಉಳಿಯಿತು, ಜಮೀನಿನೊಂದಿಗೆ ಕಚೇರಿಯ ಕೆಲಸವೂ ಉಳಿಯಿತು. ಜಮ್ಮಾ ಹಿಡುವಳಿಯ (ಕೊಡಗಿನ ವಂಶಪಾರಂಪರ್ಯ ಹಿಡುವಳಿಯ) ಒಂದು ಪಹಣಿಯಲ್ಲಿ ಒಕ್ಕದ, ಅಂದರೆ ಮನೆತನದ, ಹಿರಿಯರಾದ ಪಟ್ಟೆದಾರರ ಹೆಸರಿನ ಜೊತೆ ತಲೆಮಾರುಗಳಿಂದ ಸೇರಿದ ಹತ್ತಾರು ಹಕ್ಕುದಾರರ ಹೆಸರುಗಳಿರುತ್ತವೆ. ಅವರಲ್ಲಿ ಕೆಲವರು ತೀರಿಕೊಂಡವರು, ಕೆಲವರು ಎಲ್ಲಿದ್ದಾರೆಂದೇ ತಿಳಿಯದವರು. ಅದರಲ್ಲಿ ಒಬ್ಬರ ಪಾಲನ್ನು ಬೇರ್ಪಡಿಸಿ ಸಾಲಕ್ಕೋ ಮಾರಾಟಕ್ಕೋ ದಾಖಲೆ ಸರಿಪಡಿಸಬೇಕಾದರೆ ವಂಶವೃಕ್ಷ, ಉಳಿದವರ ಒಪ್ಪಿಗೆ, ಸರ್ವೆ, ಪೋಡಿ (ಜಮೀನಿನ ಪಾಲು ವಿಂಗಡಣೆ) ಎಲ್ಲವೂ ಆಗಬೇಕು. ಹಕ್ಕುದಾರ ಬೆಂಗಳೂರಿನಲ್ಲಿ ಎಣಿಕೆಯಾಗಿರುತ್ತಾನೆ, ಅವನ ಕಡತ ಪೊನ್ನಂಪೇಟೆಯ ತಾಲ್ಲೂಕು ಕಚೇರಿಯ ಮೇಜಿನ ಮೇಲಿರುತ್ತದೆ. ನಿವಾಸಿಗಳ ಸಂಖ್ಯೆಯಿಂದ ಸಿಬ್ಬಂದಿಯ ಅಗತ್ಯವನ್ನು ಅಳೆದರೆ ಕೊಡಗಿನ ಕಂದಾಯ ಕಚೇರಿಗಳ ನಿಜವಾದ ಹೊರೆ ಅಳತೆಗೆ ಸಿಗುವುದೇ ಇಲ್ಲ. ಇದರ ಮೇಲೆ ವರ್ಷಕ್ಕೆ ಜಿಲ್ಲೆಯ ಜನಸಂಖ್ಯೆಯ ಹಲವು ಪಟ್ಟು ಪ್ರವಾಸಿಗರು ಬರುತ್ತಾರೆ. ಅವರ ಕಸ, ಅವರ ವಾಹನ, ಅವರ ಸುರಕ್ಷತೆ ಎಲ್ಲವೂ ಸಣ್ಣ ಗ್ರಾಮ ಪಂಚಾಯಿತಿಗಳ ಮತ್ತು ಠಾಣೆಗಳ ಪಾಲಿಗೆ ಬೀಳುತ್ತವೆ. 2018ರ ಆಗಸ್ಟ್‌ನ ಭೂಕುಸಿತಗಳ ನಂತರ ಪ್ರತಿ ಮಳೆಗಾಲವೂ ಜಿಲ್ಲಾಡಳಿತಕ್ಕೆ ವಿಪತ್ತು ನಿರ್ವಹಣೆಯ ಕಾಲವಾಗಿದೆ.

ಫೆಬ್ರುವರಿಯ ಎಣಿಕೆ ಮತ್ತು ಲೈನ್‌ಮನೆಗಳು

ಕರ್ನಾಟಕದಲ್ಲಿ ಜನರ ಎಣಿಕೆ 2027ರ ಫೆಬ್ರುವರಿಯಲ್ಲಿ ನಡೆಯಬೇಕು. ಲೆಕ್ಕದ ಗಡಿರೇಖೆ ಮಾರ್ಚ್ 1ರ ನಡುರಾತ್ರಿ. ಕೊಡಗಿನಲ್ಲಿ ಇದು ರೊಬಸ್ಟಾ ಕಾಫಿಯ ಕೊಯ್ಲಿನ ಕಾಲ. ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಕಡೆಯಿಂದ ಬಂದ ಕಾರ್ಮಿಕ ಕುಟುಂಬಗಳಿಂದ ತೋಟಗಳ ಲೈನ್‌ಮನೆಗಳು ಆಗ ತುಂಬಿರುತ್ತವೆ.

ಇವರನ್ನು ಎಲ್ಲಿ ಎಣಿಸಬೇಕು ಎಂಬ ಬಗ್ಗೆ ಸಾರ್ವಜನಿಕರಲ್ಲಿ ಗೊಂದಲವಿದೆ. ಭಾರತದ ಗಣತಿಯ ಪದ್ಧತಿಯಲ್ಲಿ ಒಬ್ಬ ವ್ಯಕ್ತಿ ಎಣಿಕೆಯ ಅವಧಿಯಲ್ಲಿ ಸ್ವಲ್ಪ ದಿನವಾದರೂ ತನ್ನ ವಾಡಿಕೆಯ ವಾಸಸ್ಥಳದಲ್ಲಿದ್ದರೆ ಅವನನ್ನು ಅಲ್ಲಿಯೇ ಎಣಿಸುತ್ತಾರೆ. ಆದರೆ ಎಣಿಕೆಯ ಅವಧಿ ಪೂರ್ತಿ ಊರಿನಿಂದ ಹೊರಗಿದ್ದವನನ್ನು, ಅವನು ಸಿಕ್ಕ ಸ್ಥಳದಲ್ಲೇ ಎಣಿಸುತ್ತಾರೆ. ಅಂದರೆ ಫೆಬ್ರುವರಿಯ ಎಣಿಕೆಯ ದಿನಗಳಲ್ಲೆಲ್ಲ ಸಿದ್ದಾಪುರದ ಒಂದು ತೋಟದಲ್ಲಿ ಕಾಫಿ ಕೊಯ್ಯುತ್ತಿದ್ದ ಕುಟುಂಬ ಆ ಗಣತಿಯಲ್ಲಿ ಕೊಡಗಿನ ಜನಸಂಖ್ಯೆಯ ಭಾಗ. ಇದು ಪೌರತ್ವದ ಪ್ರಶ್ನೆಯೂ ಅಲ್ಲ, ಮತದಾರರ ಪಟ್ಟಿಯ ಪ್ರಶ್ನೆಯೂ ಅಲ್ಲ. ಮತದಾರರ ಪಟ್ಟಿ ಬೇರೆಯೇ ಕಾನೂನಿನಡಿ ತಯಾರಾಗುತ್ತದೆ.

ನಿಯಮ ಸ್ಪಷ್ಟವಾಗಿದ್ದರೂ ಆಚರಣೆ ಕಷ್ಟ. ಲೈನ್‌ಮನೆಗಳು ಗೇಟಿನೊಳಗೆ, ಮುಖ್ಯ ರಸ್ತೆಯಿಂದ ಒಳಗಿರುತ್ತವೆ. ಹಗಲಿನಲ್ಲಿ ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ. ಗಣತಿದಾರರಾಗಿ ಬರುವ ಶಾಲಾ ಶಿಕ್ಷಕರಿಗೆ ಅಸ್ಸಾಮಿಯಾಗಲಿ ಸಾದ್ರಿಯಾಗಲಿ ಬರುವುದಿಲ್ಲ. ತೋಟದ ಮಾಲೀಕರಿಗೆ ಕಾರ್ಮಿಕರ ಲೆಕ್ಕ ಕೊಡುವುದರ ಬಗ್ಗೆ ಅಂಜಿಕೆಯಿದ್ದರೆ ಇಡೀ ಸಾಲು ಬಿಟ್ಟುಹೋಗಬಹುದು. ಇನ್ನೊಂದೆಡೆ, ಬೆಂಗಳೂರಿನಲ್ಲಿ ಖಾಯಂ ನೆಲೆಸಿದ ಕುಟುಂಬಗಳು ಅಭಿಮಾನದಿಂದ ತಮ್ಮನ್ನು ಐನ್‌ಮನೆಯ (ಮನೆತನದ ಮೂಲ ಮನೆಯ) ವಿಳಾಸದಲ್ಲಿ ಬರೆಸಲು ಬಯಸಬಹುದು. ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ. ಎರಡು ಕಡೆ ಹೆಸರು ಬರೆಸುವುದು ಗಣತಿಯನ್ನೇ ಕೆಡಿಸುತ್ತದೆ.

ಜಾತಿ ದಾಖಲಾತಿ ಈ ಬಾರಿಯ ಎಣಿಕೆಗೆ ಇನ್ನಷ್ಟು ತೂಕ ತಂದಿದೆ. 2025ರ ಏಪ್ರಿಲ್ 30ರಂದು ಕೇಂದ್ರ ಸಂಪುಟದ ರಾಜಕೀಯ ವ್ಯವಹಾರಗಳ ಸಮಿತಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಗಣತಿಯ ಪಟ್ಟಿಯಲ್ಲಿ ಕೊಡವರಿಗೆ ಪ್ರತ್ಯೇಕ ಸಂಕೇತ (ಕೋಡ್) ಬೇಕೆಂದು ಕೊಡವ ನ್ಯಾಷನಲ್ ಕೌನ್ಸಿಲ್ ಒತ್ತಾಯಿಸುತ್ತಿದೆ. ಕೆಲವು ಸಾವಿರ ಮಾತ್ರ ಇರುವ ಐರಿ, ಹೆಗ್ಗಡೆಯಂಥ ಸಮುದಾಯಗಳಿಗೆ ಹೆಸರನ್ನು ಒಂದೇ ರೀತಿಯಲ್ಲಿ ಬರೆಸುವುದು ಇನ್ನೂ ಮುಖ್ಯ. ಒಂದೇ ಸಮುದಾಯ ನಾಲ್ಕು ಹೆಸರಿನಲ್ಲಿ ದಾಖಲಾದರೆ ಅಂಕಿಯಲ್ಲಿ ಅದು ಕಾಣೆಯಾಗುತ್ತದೆ. ಆದರೆ ಜಾತಿಯ ಅಂಕಿಗೂ ಸಾಮಾನ್ಯ ಕ್ಷೇತ್ರಗಳ ಸಂಖ್ಯೆಗೂ ನೇರ ಸಂಬಂಧವಿಲ್ಲ. ಕ್ಷೇತ್ರದ ಲೆಕ್ಕದಲ್ಲಿ ಒಟ್ಟು ತಲೆಗಳು ಬರುತ್ತವೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಪಾಲು ಬರುತ್ತದೆ, ಅಷ್ಟೇ.

ಎದುರು ಬದುರು ವಾದಗಳು

ಮೂರನೇ ಸ್ಥಾನ ಮರಳಬೇಕೆನ್ನುವವರ ವಾದ ಭೂಗೋಳವನ್ನು ಆಧರಿಸಿದೆ. 4,102 ಚದರ ಕಿ.ಮೀ. ಬೆಟ್ಟಸೀಮೆಯನ್ನು ಇಬ್ಬರು ಶಾಸಕರು ಸುತ್ತಬೇಕು. ಬೆಂಗಳೂರಿನ ಶಾಸಕರು ತಮ್ಮ ಕ್ಷೇತ್ರವನ್ನು ಒಂದು ಬೆಳಗಿನಲ್ಲಿ ಸುತ್ತಬಲ್ಲರು. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಒಬ್ಬರಿಗೆ ವರ್ಷಕ್ಕೆ ₹2 ಕೋಟಿ ಇರುವುದರಿಂದ ಒಂದು ಸ್ಥಾನ ಹೋದರೆ ಅಷ್ಟು ಹಣವೂ ಹೋಗುತ್ತದೆ. ಇವರ ಬೆಂಬಲಕ್ಕೆ ಉದಾಹರಣೆಗಳೂ ಇವೆ. ಹಿಮಾಚಲ ಪ್ರದೇಶದಲ್ಲಿ ಒಂದು ಕ್ಷೇತ್ರಕ್ಕೆ ಸರಾಸರಿ ಒಂದು ಲಕ್ಷ ಜನರಿದ್ದರೆ, 2011ರಲ್ಲಿ 31,564 ಜನರಷ್ಟೇ ಇದ್ದ ಲಾಹೌಲ್–ಸ್ಪಿತಿಗೆ ಒಂದು ಸ್ಥಾನವಿದೆ. 2022ರಲ್ಲಿ ಜಮ್ಮು ಮತ್ತು ಕಾಶ್ಮೀರದ ಮರುವಿಂಗಡಣಾ ಆಯೋಗ ಜಿಲ್ಲೆಗಳನ್ನು ಬೆಟ್ಟಸೀಮೆ, ಬೆಟ್ಟ ಮತ್ತು ಬಯಲು ಬೆರೆತದ್ದು, ಬಯಲು ಎಂದು ಮೂರು ವರ್ಗಗಳಾಗಿ ವಿಂಗಡಿಸಿ, ಸರಾಸರಿಗಿಂತ ಶೇ 10ರಷ್ಟು ಹೆಚ್ಚು ಕಡಿಮೆಗೆ ಅವಕಾಶ ಕೊಟ್ಟಿತು.

ವಿರೋಧಿ ವಾದವೂ ಹಗುರವಾದದ್ದಲ್ಲ. ಮತದ ಮೌಲ್ಯ ಎಲ್ಲರಿಗೂ ಸಮಾನವಾಗಿರಬೇಕೆಂಬುದು ಪ್ರಜಾಪ್ರಭುತ್ವದ ಬುನಾದಿ. ಕೊಡಗಿಗೆ ರಿಯಾಯಿತಿ ಕೊಟ್ಟರೆ ಆ ಒಂದು ಸ್ಥಾನವನ್ನು ಎಲ್ಲಿಂದಲೋ ತರಬೇಕು. ಮಳೆಯಿಲ್ಲದ, ಬಡತನ ಹೆಚ್ಚಿರುವ ಕಲ್ಯಾಣ ಕರ್ನಾಟಕದ ಒಂದು ಜಿಲ್ಲೆ ತನ್ನ ಸ್ಥಾನವನ್ನು ಏಕೆ ಬಿಟ್ಟುಕೊಡಬೇಕು ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ. ಉತ್ತರಾಖಂಡದಂಥ ಗುಡ್ಡಗಾಡು ರಾಜ್ಯದಲ್ಲೇ 2008ರ ಮರುವಿಂಗಡಣೆಯಲ್ಲಿ ಬೆಟ್ಟದ ಜಿಲ್ಲೆಗಳ ಸ್ಥಾನಗಳು 40ರಿಂದ 34ಕ್ಕೆ ಇಳಿದು ಬಯಲಿನ ಸ್ಥಾನಗಳು ಹೆಚ್ಚಿದವು.

ಮುಂದಿನ ಲೆಕ್ಕ ಏನನ್ನು ಹೇಳುತ್ತದೆ

2001ರ 84ನೇ ಸಂವಿಧಾನ ತಿದ್ದುಪಡಿಯಂತೆ, 2026ರ ನಂತರ ನಡೆಯುವ ಮೊದಲ ಗಣತಿಯ ಅಂಕಿಗಳು ಪ್ರಕಟವಾಗುವವರೆಗೆ ಸ್ಥಾನಗಳ ಸಂಖ್ಯೆ ಸ್ಥಿರವಾಗಿರಬೇಕು. 2023ರ ಮಹಿಳಾ ಮೀಸಲಾತಿ ತಿದ್ದುಪಡಿಯೂ ಮುಂದಿನ ಮರುವಿಂಗಡಣೆಗೇ ತಳುಕು ಹಾಕಿಕೊಂಡಿದೆ. ಹಾಗಾಗಿ 2027ರ ಅಂಕಿಗಳಿಗೆ ಈ ಮಹತ್ವ.

ಒಂದು ಊಹೆಯ ಲೆಕ್ಕ ಹಾಕೋಣ. ರಾಜ್ಯದ ಜನಸಂಖ್ಯೆ 6.8 ಕೋಟಿ ಆಗಿದ್ದು ಸ್ಥಾನಗಳು 224 ಆಗಿಯೇ ಉಳಿದರೆ ಸರಾಸರಿ ಸುಮಾರು 3.04 ಲಕ್ಷ ಆಗುತ್ತದೆ. ಕೊಡಗಿನ ಜನಸಂಖ್ಯೆ 5.7 ಲಕ್ಷ ಎಂದಿಟ್ಟುಕೊಂಡರೆ ಭಾಗಲಬ್ಧ 1.88. ಜಿಲ್ಲೆಯನ್ನು ಒಂದು ಘಟಕವಾಗಿ ಪರಿಗಣಿಸಿ, ಕ್ಷೇತ್ರಗಳು ಜಿಲ್ಲೆಯೊಳಗೇ ಇರುವಂತೆ ನೋಡಿಕೊಂಡ ಹಿಂದಿನ ಆಯೋಗದ ಪದ್ಧತಿಯೇ ಮುಂದುವರಿದರೆ ಎರಡು ಸ್ಥಾನಗಳು ಭದ್ರ. ಮೂರನೆಯದಕ್ಕೆ ಹತ್ತಿರವಾಗಲು ಜಿಲ್ಲೆಯಲ್ಲಿ ಕನಿಷ್ಠ 7.6 ಲಕ್ಷ ಜನ ಬೇಕು, ಅದು ಅಸಂಭವ. ಶೇ 10ರ ಬೆಟ್ಟಸೀಮೆಯ ರಿಯಾಯಿತಿ ಸಿಕ್ಕರೂ ಭಾಗಲಬ್ಧ 2.1ರ ಆಸುಪಾಸಿಗೆ ಬರುತ್ತದೆಯೇ ಹೊರತು ಮೂರನ್ನು ಮುಟ್ಟುವುದಿಲ್ಲ.

ವಿಧಾನಸಭೆಯ ಬಲವೇ ಹೆಚ್ಚಿದರೆ ಚಿತ್ರ ಬದಲಾಗುತ್ತದೆ. ಸಂವಿಧಾನ 500ರವರೆಗೆ ಅವಕಾಶ ಕೊಡುತ್ತದೆ. ಉದಾಹರಣೆಗೆ 300 ಸ್ಥಾನಗಳಾದರೆ ಸರಾಸರಿ 2.27 ಲಕ್ಷ, ಕೊಡಗಿನ ಭಾಗಲಬ್ಧ 2.5ರ ಗೆರೆಯ ಮೇಲೆಯೇ ನಿಲ್ಲುತ್ತದೆ. ಅಲ್ಲಿ ಎಣಿಕೆಯಲ್ಲಿ ಬಿಟ್ಟುಹೋದ ಐದು ಹತ್ತು ಸಾವಿರ ಜನರೇ ಮೂರನೇ ಸ್ಥಾನವನ್ನು ನಿರ್ಧರಿಸಬಹುದು. ಲೈನ್‌ಮನೆಗಳ ಎಣಿಕೆ ಜಿಲ್ಲೆಯ ಎಲ್ಲರಿಗೂ ಸಂಬಂಧಿಸಿದ ವಿಷಯವಾಗುವುದು ಈ ಕಾರಣಕ್ಕೆ.

ಪ್ರತ್ಯೇಕ ಲೋಕಸಭಾ ಕ್ಷೇತ್ರ ಇನ್ನೂ ದೂರದ ಮಾತು. 2011ರ ಅಂಕಿಯಂತೆ ರಾಜ್ಯದ 28 ಕ್ಷೇತ್ರಗಳ ಸರಾಸರಿ 21.8 ಲಕ್ಷ, ಕೊಡಗು ಅದರ ಕಾಲು ಭಾಗ. ಪ್ರತ್ಯೇಕ ರಾಜ್ಯ ಅಥವಾ ಕೇಂದ್ರಾಡಳಿತ ಪ್ರದೇಶವಾಗದ ಹೊರತು ಇದಕ್ಕೆ ದಾರಿಯಿಲ್ಲವೆಂಬುದನ್ನು ಬೇಡಿಕೆ ಇಡುವವರು ಜನರಿಗೆ ನೇರವಾಗಿ ಹೇಳುವುದು ಒಳ್ಳೆಯದು.

ಅವಕಾಶವಿರುವ ಕಡೆ

ಪ್ರಾತಿನಿಧ್ಯದಲ್ಲಿ ಸಿಗದ ಸಡಿಲಿಕೆ ಆಡಳಿತದಲ್ಲಿ ಸಿಗುತ್ತದೆ. ಸಿಕ್ಕ ಉದಾಹರಣೆಯೂ ಇದೆ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯಿತಿಗೆ ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆ ಇರಬೇಕೆಂದು ಹೇಳಿ, ಕೊಡಗೂ ಸೇರಿದಂತೆ ಮಲೆನಾಡು, ಕರಾವಳಿ ಜಿಲ್ಲೆಗಳಿಗೆ 2,500 ಇದ್ದರೂ ಸಾಕೆಂದಿತು. ಜಿಲ್ಲಾ ಪಂಚಾಯಿತಿಗೆ 40,000 ಜನರಿಗೆ ಒಬ್ಬ ಸದಸ್ಯನೆಂಬ ಮೂಲ ಸೂತ್ರವನ್ನು ಕೊಡಗಿಗೆ 18,000ಕ್ಕೆ ಇಳಿಸಿತ್ತು. ಚದುರಿದ ಜನವಸತಿಗೆ ಬೇರೆ ಅಳತೆಗೋಲು ಬೇಕೆಂದು ರಾಜ್ಯದ ಶಾಸನಸಭೆಯೇ ಒಪ್ಪಿಕೊಂಡ ತತ್ವವಿದು. ಇದೇ ತತ್ವವನ್ನು ಗ್ರಾಮ ಆಡಳಿತಾಧಿಕಾರಿಗಳು, ಭೂಮಾಪಕರು, ಪ್ರಾಥಮಿಕ ಆರೋಗ್ಯ ಕೇಂದ್ರಗಳು, ರಸ್ತೆ ನಿರ್ವಹಣೆಯ ಅನುದಾನ ಇವುಗಳಿಗೂ ವಿಸ್ತರಿಸಲು ಸಂವಿಧಾನ ತಿದ್ದಬೇಕಿಲ್ಲ, ದೆಹಲಿಗೆ ಹೋಗಬೇಕಿಲ್ಲ. ಬೆಂಗಳೂರಿನಲ್ಲಿ ಒಂದು ಸರ್ಕಾರಿ ಆದೇಶ ಸಾಕು. ಜಿಲ್ಲೆಯ ಇಬ್ಬರು ಶಾಸಕರು ಯಾವ ಪಕ್ಷದವರೇ ಆಗಿರಲಿ, ಮೂರನೆಯವನನ್ನು ಕೇಳುವಷ್ಟೇ ಹಟದಿಂದ ಇದನ್ನು ಕೇಳಿದರೆ ಕುಟ್ಟದ ಕೂಲಿಗೂ ಮಾದಾಪುರದ ಬೆಳೆಗಾರನಿಗೂ ಆಗುವ ಪ್ರಯೋಜನ ಹೆಚ್ಚು.

ಮರುವಿಂಗಡಣೆಯ ವಿಷಯದಲ್ಲಿ ಸಮಯದ ಒಂದು ಕಟ್ಟು ಇದೆ. 2002ರ ಕಾಯ್ದೆಯಡಿ ಆಯೋಗಕ್ಕೆ ರಾಜ್ಯದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿದ್ದರೂ ಅವರಿಗೆ ಮತ ಹಾಕುವ ಹಕ್ಕಿರಲಿಲ್ಲ. ಕರಡು ಪ್ರಕಟವಾದ ಮೇಲೆ ಸಾರ್ವಜನಿಕ ಸಭೆಗಳಲ್ಲಿ ಆಕ್ಷೇಪಣೆ ಸಲ್ಲಿಸಬಹುದಿತ್ತು; ಕ್ಷೇತ್ರದ ಗಡಿ ಗುರುತಿಸುವಾಗ ಭೌಗೋಳಿಕ ಲಕ್ಷಣ, ಆಡಳಿತ ಘಟಕಗಳ ಗಡಿ, ಸಂಪರ್ಕ ಸೌಲಭ್ಯ ಮತ್ತು ಜನರ ಅನುಕೂಲವನ್ನು ಗಮನಿಸಬೇಕೆಂದು ಕಾಯ್ದೆಯೇ ಹೇಳಿತ್ತು. ಅಂತಿಮ ಆದೇಶ ರಾಜ್ಯಪತ್ರದಲ್ಲಿ ಬಂದ ಮೇಲೆ ಅದಕ್ಕೆ ಕಾನೂನಿನ ಬಲ ಬರುತ್ತದೆ, ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದು ಬಹಳ ಕಷ್ಟ. ಮುಂದಿನ ಆಯೋಗಕ್ಕೂ ಇದೇ ಬಗೆಯ ವಿಧಾನವಿದ್ದರೆ ತಾಲ್ಲೂಕುವಾರು ದೂರ, ರಸ್ತೆ, ಮಳೆಗಾಲದಲ್ಲಿ ಸಂಪರ್ಕ ಕಡಿಯುವ ಗ್ರಾಮಗಳು, ಹಾಡಿಗಳು ಮತ್ತು ಅಲ್ಲಿರುವ ಪರಿಶಿಷ್ಟ ಪಂಗಡದವರ ಸಂಖ್ಯೆ ಇವುಗಳ ದಾಖಲೆಯನ್ನು ಕೊಡಗಿನವರು ಕರಡು ಬರುವ ಮೊದಲೇ ಸಿದ್ಧಪಡಿಸಿಕೊಂಡಿರಬೇಕಾಗುತ್ತದೆ. ಆ ದಾಖಲೆಯ ಮೊದಲ ಪುಟಕ್ಕೆ ಬೇಕಾದ ಅಂಕಿ 2027ರ ಫೆಬ್ರುವರಿಯಲ್ಲಿ ಗಣತಿದಾರರು ತೋಟದ ಗೇಟು ದಾಟಿ ಒಳಗೆ ಹೋದಾಗಲಷ್ಟೇ ಸಿಗುತ್ತದೆ.